ಇಳಿದ ಮೇಲೆ ಹೇಳುತ್ತೇನೆ

2018ರ ಆಗಸ್ಟ್‌ನ ಒಂದು ಗುರುವಾರ, ಬೆಳಗಿನ ಐದೂವರೆಗೆ ನನಗೆ ರಕ್ತ ಕಾಣಿಸಿಕೊಂಡಿತು. ಹತ್ತನೇ ವಾರ. ಯಲಹಂಕ ನ್ಯೂಟೌನಿನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ನನ್ನ ಗಂಡನಿಗೆ ಹಿಂದಿನ ರಾತ್ರಿ ಗುವಾಹಟಿಯಲ್ಲಿ ಹಾಲ್ಟ್. ಅವನ ಪಿಕಪ್ ಐದೂ ಮುಕ್ಕಾಲಿಗೆ ಎಂದು ನನಗೆ ಗೊತ್ತಿತ್ತು. ಇಬ್ಬರೂ ಪೈಲಟ್‌ಗಳು, ಅವನ ರೋಸ್ಟರ್ ನನಗೆ, ನನ್ನದು ಅವನಿಗೆ ಬಾಯಿಪಾಠವಾಗಿರುತ್ತಿತ್ತು. ಅವತ್ತು ಅವನಿಗೆ ನಾಲ್ಕು ಸೆಕ್ಟರ್. ಗುವಾಹಟಿಯಿಂದ ಕೋಲ್ಕತ್ತಾ, ಅಲ್ಲಿಂದ ಭುವನೇಶ್ವರಕ್ಕೆ ಹೋಗಿ ಮತ್ತೆ ಕೋಲ್ಕತ್ತಾ, ಕೊನೆಗೆ ಬೆಂಗಳೂರು.

ಬಚ್ಚಲಿನ ನೆಲದ ಮೇಲೆ ಕೂತಿದ್ದಾಗ ಫೋನಿನಲ್ಲಿ ಅವನ ಮೆಸೇಜು ಬಂತು. ‘ನಿದ್ದಿ ಆತೇನು? ಹೊಂಟೆ.’ ನಾನು ಬರೆದೆ: ‘ಆಯ್ತು. ಹೋಗಿ ಬಾ.’

ಆಮೇಲೆ ಪಕ್ಕದ ಮನೆಯ ಆಂಟಿಯ ಬಾಗಿಲು ಬಡಿದೆ.

ಆ ಮೂರು ಪದಗಳನ್ನು ಯಾಕೆ ಬರೆದೆ ಎಂಬುದನ್ನು ಹೇಳಬೇಕಾದರೆ ನಮ್ಮ ಕೆಲಸದ ಸ್ವಭಾವ ಹೇಳಬೇಕು. ಹಾರಾಟಕ್ಕೆ ಹೊರಡುವ ಮುಂಚೆ ಪೈಲಟ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಒಂದು ಪಟ್ಟಿ ಇದೆ. ಕಾಯಿಲೆ ಇದೆಯೇ, ಔಷಧಿ ತೆಗೆದುಕೊಂಡಿದ್ದೀಯೇ, ಮನಸ್ಸಿಗೆ ಒತ್ತಡ ಇದೆಯೇ, ಮದ್ಯ ಮುಟ್ಟಿದ್ದೀಯೇ, ಆಯಾಸವಾಗಿದೆಯೇ, ಭಾವನೆ ಕದಡಿದೆಯೇ. ಒಂದಕ್ಕೆ ಹೌದು ಎಂದರೂ ಹಾರಬಾರದು. ಇನ್ನೊಂದು ನಿಯಮವೂ ಇದೆ. ವಿಮಾನ ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ, ಅಂದರೆ ಏರುವಾಗ ಮತ್ತು ಇಳಿಯುವಾಗ, ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಸಂಬಂಧಪಡದ ಒಂದು ಮಾತೂ ಆಡುವಂತಿಲ್ಲ. ಊಟ, ಮನೆ, ಮಕ್ಕಳು, ಯಾವುದೂ ಇಲ್ಲ. ಅಪಘಾತಗಳು ಹೆಚ್ಚಾಗಿ ಆಗುವುದು ಆ ಹೊತ್ತಿನಲ್ಲೇ.

ಈ ಎರಡನೆಯ ನಿಯಮವನ್ನು ನಾವಿಬ್ಬರೂ ಮನೆಗೆ ತಂದುಕೊಂಡಿದ್ದೆವು. ಮದುವೆಯಾದ ಮೊದಲ ವರ್ಷ, ಯಾವುದೋ ಇಎಂಐ ವಿಷಯಕ್ಕೆ ಜಗಳ ಶುರುವಾದಾಗ ಅವನು ಶೂ ಲೇಸು ಕಟ್ಟುತ್ತ ‘ಹತ್ತು ಸಾವಿರ’ ಅಂದ. ನಾನು ಬಾಯಿ ಮುಚ್ಚಿದೆ. ಅಂದಿನಿಂದ ಅದು ನಮ್ಮ ಮನೆಯ ಮಾತಾಯಿತು. ಪಿಕಪ್ ಕ್ಯಾಬ್ ಬರುವ ಎರಡು ಗಂಟೆ ಮೊದಲು, ಹೊರಡುವವರ ಹತ್ತಿರ ಮನಸ್ಸು ಕದಡುವ ವಿಷಯ ಎತ್ತಬಾರದು. ಏನಿದ್ದರೂ ಇಳಿದ ಮೇಲೆ. ಇಬ್ಬರೂ ಇದನ್ನು ಪ್ರೀತಿಯಿಂದಲೇ ಪಾಲಿಸಿದೆವು. ಹಿಂದೆ ನೂರೆಂಬತ್ತು ಜನ ಕೂತಿರುತ್ತಾರೆ, ಮುಂದೆ ಕೂತವನು ಮನೆಯ ಚಿಂತೆ ಹೊತ್ತು ಹೋಗಬಾರದು. ನ್ಯಾಯವಾಗಿಯೇ ಇತ್ತು.

ಆಸ್ಪತ್ರೆಯಲ್ಲಿ ವೈದ್ಯೆ ಸ್ಕ್ಯಾನ್ ಮಾಡಿ, ಮಾನಿಟರನ್ನು ನನ್ನ ಕಡೆಯಿಂದ ತಿರುಗಿಸಿಕೊಂಡರು. ಅಷ್ಟರಲ್ಲೇ ನನಗೆ ಅರ್ಥವಾಯಿತು. ‘ಯಜಮಾನ್ರು ಎಲ್ಲಿ?’ ಅಂದರು. ‘ಫ್ಲೈಟ್‌ನಲ್ಲಿ’ ಅಂದೆ. ‘ಎಷ್ಟು ಹೊತ್ತಿಗೆ ಇಳೀತಾರೆ?’ ‘ಮೂರೂ ಮುಕ್ಕಾಲು.’ ಅವರು ಪ್ರಯಾಣಿಕ ಎಂದುಕೊಂಡಿದ್ದರು. ನಾನು ತಿದ್ದಲಿಲ್ಲ. ಗರ್ಭ ಪೂರ್ತಿ ಜಾರಿರಲಿಲ್ಲ, ಕಾಯುವಂತಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಿದೆ, ಪಕ್ಕದಲ್ಲಿ ಆಂಟಿ ಹಾಕಿದರು. ಸಂಬಂಧ ಎಂಬ ಜಾಗದಲ್ಲಿ ಅವರು ‘ನೆರೆಮನೆ’ ಎಂದು ಬರೆದದ್ದು ಇವತ್ತಿಗೂ ಕಣ್ಣ ಮುಂದಿದೆ.

ಎಂಟೂ ಮುಕ್ಕಾಲರ ಸುಮಾರಿಗೆ ಕೋಲ್ಕತ್ತಾದಿಂದ ಅವನ ಕರೆ ಬಂತು. ಎತ್ತಿದೆ. ಸುಮ್ಮನೆ ಬಿಟ್ಟಿದ್ದರೆ ಗಾಬರಿಯಾಗುತ್ತಿದ್ದ. ‘ಏನ್ ತಿಂದಿ?’ ಅಂದ. ‘ಇಡ್ಲಿ’ ಅಂದೆ. ಕೈಗೆ ಆಗಲೇ ಡ್ರಿಪ್ ಹಾಕಿದ್ದರು. ‘ಅಲ್ಲೇನು ಸಪ್ಪಳ?’ ಅಂದ. ‘ಆಂಟಿ ಮನೆಯಲ್ಲಿದ್ದೀನಿ, ಟಿವಿ’ ಅಂದೆ. ‘ಇಲ್ಲಿ ಭಾಳ ಮಳಿ. ಸಿಬಿ ದೊಡ್ಡೂವು ಅದಾವ’ ಅಂದ. ಸಿಬಿ ಎಂದರೆ ಗುಡುಗುಮೋಡ. ಅದನ್ನು ಕೇಳಿದ ಮೇಲಂತೂ ಹೇಳುವ ಪ್ರಶ್ನೆಯೇ ಇರಲಿಲ್ಲ. ಅವನು ಇನ್ನೂ ಮೂರು ಸಲ ಏರಬೇಕಿತ್ತು, ಮೂರು ಸಲ ಇಳಿಯಬೇಕಿತ್ತು.

ನಾಲ್ಕು ಗಂಟೆಗೆ ‘ಲ್ಯಾಂಡೆಡ್’ ಎಂಬ ಮೆಸೇಜು ಬಂದಾಗ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ‘ಬೆಳಿಗ್ಗೆ ಐದೂವರಿಗೇ?’ ಎಂದ. ಅಷ್ಟೇ.

ಸಮವಸ್ತ್ರದಲ್ಲೇ ಆಸ್ಪತ್ರೆಗೆ ಬಂದ. ಹಣೆ ಮುಟ್ಟಿದ, ಕಾಲು ಒತ್ತಿದ, ಕಡೂರಿನಿಂದ ಬಸ್ಸು ಹತ್ತಿದ್ದ ಅಮ್ಮನನ್ನು ಕರೆತರಲು ಹೋದ. ಮಾಡಬೇಕಾದ್ದನ್ನೆಲ್ಲ ಮಾಡಿದ. ನನ್ನ ಕಣ್ಣನ್ನು ಮಾತ್ರ ನೋಡಲಿಲ್ಲ. ಮೂರನೆಯ ದಿನ ರಾತ್ರಿ ಅಡುಗೆಮನೆಯಲ್ಲಿ ಹಾಲು ಕಾಸುತ್ತ ಹೇಳಿದ: ‘ನಾನು ಅವತ್ತು ನಾಲ್ಕು ಲ್ಯಾಂಡಿಂಗ್ ಮಾಡಿದೆ. ಕೋಲ್ಕತ್ತಾದಾಗ ಸಮೋಸಾ ತಿಂದೆ. ನಕ್ಕೆ. ನಮ್ಮ ಕೂಸು ಹೋಗೂ ಹೊತ್ತಿಗೆ ನಾ ನಕ್ಕೊಂತ ಕುಂತಿದ್ದೆ. ಅದನ್ನ ನನ್ನಿಂದ ಯಾಕ ಕಸಗೊಂಡಿ?’

ನನಗೆ ಕೋಪ ಬಂತು. ನಿನ್ನನ್ನು, ನಿನ್ನ ಹಿಂದೆ ಕೂತವರನ್ನು ಕಾಪಾಡಲು ನಾನೊಬ್ಬಳೇ ನುಂಗಿಕೊಂಡೆ, ಅದಕ್ಕೆ ಇದು ಪ್ರತಿಫಲವೇ ಎಂದು ಅನ್ನಿಸಿತು. ಹೇಳಲಿಲ್ಲ. ಮರುದಿನ ಅವನಿಗೆ ಬೆಳಗಿನ ಫ್ಲೈಟ್ ಇತ್ತು.

ನಾವು ಪರಿಚಯವಾದದ್ದು ಬಾರಾಮತಿಯಲ್ಲಿ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಇನ್ನೂರು ಗಂಟೆಗಳ ಹಾರಾಟ ಕಲಿಯಲು ಇಬ್ಬರೂ ಅಲ್ಲಿದ್ದೆವು. ಪಿಯುಸಿಯಲ್ಲಿದ್ದಾಗ ಜಕ್ಕೂರಿನ ಬೇಲಿಯ ಹೊರಗೆ ನಿಂತು ಸಣ್ಣ ವಿಮಾನಗಳನ್ನು ನೋಡಿ ಹುಚ್ಚು ಹಿಡಿಸಿಕೊಂಡವಳು ನಾನು. ಶಾಲಾ ಮೇಷ್ಟರಾದ ಅಪ್ಪ ಕಡೂರಿನ ಹತ್ತಿರದ ಒಂದೂವರೆ ಎಕರೆ ತೆಂಗಿನ ತೋಟದ ಮೇಲೆ ಸಾಲ ಎತ್ತಿ ಕಳಿಸಿದ್ದರು. ಅವನು ಧಾರವಾಡದವನು. ಹಾಸ್ಟೆಲಿನಲ್ಲಿ ಮರಾಠಿ, ಹಿಂದಿಗಳ ನಡುವೆ ‘ಯಾವೂರು ನಿಮ್ಮದು?’ ಎಂಬ ಕನ್ನಡ ಕಿವಿಗೆ ಬಿದ್ದಾಗ ತಿರುಗಿ ನೋಡಿದ್ದೆ. ಆಮೇಲೆ ಬೇರೆ ಬೇರೆ ಕಂಪನಿ ಸೇರಿದೆವು, ವಿಮಾನ ಮಾತ್ರ ಒಂದೇ, ಏರ್‌ಬಸ್ ಎ320. 2015ರಲ್ಲಿ ಮದುವೆ. ಮೊದಲ ಎರಡು ವರ್ಷ ಅವನ ಬೇಸ್ ಕೋಲ್ಕತ್ತಾ, ನನ್ನದು ಬೆಂಗಳೂರು.

ಪೈಲಟ್ ದಂಪತಿ ಎಂದರೆ ಜನ ಬೆರಗಾಗುತ್ತಾರೆ. ಬೆರಗಿಗೆ ಕಾರಣವಿಲ್ಲ. ಜಗತ್ತಿನ ಪೈಲಟ್‌ಗಳಲ್ಲಿ ಹೆಂಗಸರು ಶೇ 5ರ ಆಸುಪಾಸಿನಲ್ಲಿದ್ದರೆ ನಮ್ಮ ದೇಶದಲ್ಲಿ ಸುಮಾರು ಶೇ 15. ನನ್ನ ಬ್ಯಾಚಿನಲ್ಲೇ ಮೂರು ಜೋಡಿಗಳಿವೆ. ಒಟ್ಟಿಗೆ ಹಾರುತ್ತೀರಾ, ಬಾನಿನಲ್ಲಿ ಪ್ರೇಮವೇ ಎಂದು ಕೇಳುತ್ತಾರೆ. 2017ರ ಮಾರ್ಚ್‌ನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿ ಮಲಗಿದ ರಾತ್ರಿಗಳು ಏಳು. ಅದರಲ್ಲಿ ಎರಡು ರಾತ್ರಿ ಒಬ್ಬರು ಮಲಗುವಾಗ ಇನ್ನೊಬ್ಬರು ಎದ್ದು ಹೊರಡುತ್ತಿದ್ದೆವು. ಹಾಸಿಗೆಯ ಬಿಸಿ ಆರುವ ಮುಂಚೆ ಜಾಗ ಬದಲಾಗುತ್ತಿತ್ತು, ಅಷ್ಟೇ. ಹಬ್ಬ ಬಂದ ದಿನ ಮಾಡಿದ್ದಿಲ್ಲ, ಇಬ್ಬರೂ ಇದ್ದ ದಿನ ಮಾಡಿದ್ದೇವೆ.

ಆದರೂ ಒಂದು ಸುಖ ಇತ್ತು. ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಗರ್ಭ ಹೋದ ಎರಡು ತಿಂಗಳಿಗೆ ವೈದ್ಯಕೀಯ ತಪಾಸಣೆ ಮುಗಿಸಿ ಮತ್ತೆ ಹಾರಲು ಶುರುಮಾಡಿದ್ದೆ. ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಒಂದು ಸಂಜೆ ಭುವನೇಶ್ವರದಿಂದ ಬೆಂಗಳೂರಿಗೆ ಬರುತ್ತಿದ್ದೆ. ಚೆನ್ನೈ ಕಂಟ್ರೋಲ್‌ನ ಫ್ರೀಕ್ವೆನ್ಸಿಗೆ ಬದಲಾಯಿಸಿದ ಕೂಡಲೇ ಅವನ ದನಿ ಕೇಳಿಸಿತು. ಮೋಡ ತಪ್ಪಿಸಲು ಎಡಕ್ಕೆ ಹತ್ತು ಮೈಲಿ ಸರಿಯಲು ಅನುಮತಿ ಕೇಳುತ್ತಿದ್ದ. ಆ ಇಂಗ್ಲಿಷಿನಲ್ಲೂ ಧಾರವಾಡ ಇತ್ತು. ಕಂಟ್ರೋಲರ್ ಅನುಮತಿ ಕೊಟ್ಟರು. ಮುಂದಿನದು ನನ್ನ ಸರದಿ. ನಾನು ನನ್ನ ಕಾಲ್‌ಸೈನ್, ನನ್ನ ಎತ್ತರ ಹೇಳಿದೆ, ಕಂಟ್ರೋಲರ್ ಹೇಳಿದ್ದನ್ನು ತಿರುಗಿ ಹೇಳಿ ರೀಡ್‌ಬ್ಯಾಕ್ ಕೊಟ್ಟೆ. ನನ್ನ ದನಿ ಅವನಿಗೂ ಕೇಳಿಸಿತು ಎಂದು ಗೊತ್ತಿತ್ತು. ಆ ತರಂಗದ ಮೇಲೆ ಖಾಸಗಿ ಮಾತು ಆಡುವಂತಿಲ್ಲ, ಆಡಲೂ ಇಲ್ಲ. ಹನ್ನೆರಡು ನಿಮಿಷ ಇಬ್ಬರೂ ಒಂದೇ ಫ್ರೀಕ್ವೆನ್ಸಿಯಲ್ಲಿದ್ದೆವು. ಮೂವತ್ತೈದು ಸಾವಿರ ಅಡಿಯಲ್ಲಿ, ಕಾಣದಷ್ಟು ದೂರದಲ್ಲಿ, ಅವನು ಇದ್ದಾನೆ, ಕ್ಷೇಮವಾಗಿದ್ದಾನೆ. ಅವತ್ತು ರಾತ್ರಿ ಮನೆಗೆ ಬಂದವನು ‘ನಿನ್ನ ರೀಡ್‌ಬ್ಯಾಕ್ ಕೇಳಿದೆ’ ಅಂದ. ನಾನು ಅತ್ತೆ. ಅವನು ತಲೆ ನೇವರಿಸಿದ. ಆದರೆ ಆಗಸ್ಟ್‌ನ ಆ ಗುರುವಾರದ ಮಾತನ್ನು ಇಬ್ಬರೂ ತೆಗೆಯಲಿಲ್ಲ.

2019ರ ನವೆಂಬರಿನಲ್ಲಿ ಮಗಳು ಹುಟ್ಟಿದಳು. ಅವಳಿಗೆ ನಾಲ್ಕು ತಿಂಗಳಿದ್ದಾಗ, 2020ರ ಮಾರ್ಚ್ 25ರಿಂದ, ಕೊರೊನಾ ಲಾಕ್‌ಡೌನ್‌ನಿಂದಾಗಿ ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತವು. ಮತ್ತೆ ಶುರುವಾದದ್ದು ಮೇ 25ಕ್ಕೆ. ನಾವು ಒಂದೇ ಸೂರಿನಡಿ ಎರಡು ತಿಂಗಳು ಸತತವಾಗಿ ಇದ್ದದ್ದು ಅದೇ ಮೊದಲು. ಸಂಬಳ ಕತ್ತರಿಸಿದ್ದರು, ತೋಟದ ಸಾಲ ಹಾಗೇ ಇತ್ತು. ಆದರೂ ಆ ದಿನಗಳನ್ನು ನೆನೆದರೆ ನನಗೆ ಮೊದಲು ಬರುವುದು ಆಕಾಶದ ನಿಶ್ಶಬ್ದ ಮತ್ತು ಅವನ ಎದೆಯ ಮೇಲೆ ಮಲಗಿದ ಮಗು. ಹಾರಾಟ ಮತ್ತೆ ಶುರುವಾದ ಮೇಲೆ, ಆಗಸ್ಟ್ 7ರಂದು ಕಲ್ಲಿಕೋಟೆಯಲ್ಲಿ ದುಬೈನಿಂದ ಬಂದ ವಿಮಾನ ಮಳೆಯಲ್ಲಿ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 21 ಮಂದಿ ಹೋದರು, ಪೈಲಟ್‌ಗಳಿಬ್ಬರೂ ಅವರಲ್ಲಿ. ಆ ಸಂಜೆ ಅವನು ಚೆನ್ನೈನಲ್ಲಿದ್ದ. ಅವನ ‘ಲ್ಯಾಂಡೆಡ್’ ಬರುವವರೆಗೆ ಮಗುವನ್ನು ನೆಲಕ್ಕೆ ಇಳಿಸಲಿಲ್ಲ.

ಇನ್ನು 2021ರ ಏಪ್ರಿಲ್. ಇದನ್ನು ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ.

ನನಗೆ ಐದು ದಿನದ ಪ್ಯಾಟರ್ನ್ ಇತ್ತು. ಐದು ದಿನ, ನಾಲ್ಕು ರಾತ್ರಿ, ನಾಲ್ಕು ಊರು. ಧಾರವಾಡದಿಂದ ಅತ್ತೆ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದರು. ಹೊರಡುವ ದಿನ ಅವನು ಸ್ವಲ್ಪ ಕೆಮ್ಮಿದ. ಕೇಳಿದ್ದಕ್ಕೆ ‘ಹೋಟೆಲ್ ಎಸಿ’ ಅಂದ. ನಾನು ಹೋದೆ. ದೆಹಲಿಯಲ್ಲಿ ಹೋಟೆಲ್ ಕೋಣೆಯ ಕಿಟಕಿಯಿಂದ ರಾತ್ರಿಯಿಡೀ ಆಂಬುಲೆನ್ಸ್ ಸದ್ದು. ಆಮ್ಲಜನಕವಿಲ್ಲದೆ ಜನ ಸಾಯುತ್ತಿದ್ದ ವಾರ ಅದು. ಮನೆಗೆ ವಿಡಿಯೊ ಕಾಲ್ ಮಾಡಿದರೆ ಮಗು ಕಾಣಿಸುತ್ತಿತ್ತು, ಅತ್ತೆ ಕಾಣಿಸುತ್ತಿದ್ದರು. ಅವನು ಮಾತ್ರ ‘ನೆಟ್‌ವರ್ಕ್ ಸರಿ ಇಲ್ಲ’ ಎಂದು ದನಿಯಲ್ಲೇ ಮಾತಾಡುತ್ತಿದ್ದ. ಎರಡೆರಡು ಪದ. ಉಸಿರು ಸಾಲದೆ ಎರಡೆರಡು ಪದ ಆಡುತ್ತಿದ್ದಾನೆ ಎಂದು ನನಗೆ ಹೊಳೆಯಲಿಲ್ಲ. ನನ್ನ ಗಂಡನ ಉಸಿರು ನನಗೆ ಹೊಳೆಯಲಿಲ್ಲ.

ಐದನೆಯ ದಿನ ಲಕ್ನೋದಿಂದ ಮುಂಬೈ, ಮುಂಬೈನಿಂದ ಬೆಂಗಳೂರು. ಮುಂಬೈನಲ್ಲಿ ನಲವತ್ತೈದು ನಿಮಿಷ ನಿಂತಿದ್ದಾಗ ಫೋನ್ ಮಾಡಿದೆ. ‘ಊಟಾ ಮಾಡಿ ಮಲಕ್ಕೊಂಡಾನವಾ’ ಎಂದರು ಅತ್ತೆ. ಅವರ ದನಿ ನಡುಗುತ್ತಿತ್ತು. ಮಗು ಸತಾಯಿಸಿರಬೇಕು ಎಂದುಕೊಂಡೆ. ರಾತ್ರಿ ಹತ್ತು ಮುಕ್ಕಾಲಿಗೆ ಬೆಂಗಳೂರಿನಲ್ಲಿ ಇಳಿದು ಫೋನ್ ಆನ್ ಮಾಡಿದರೆ ಆರು ಮಿಸ್ಡ್ ಕಾಲ್, ಎಲ್ಲವೂ ಅತ್ತೆಯವು. ಮಗ ಹಾಕಿದ್ದ ಆಣೆಯನ್ನು ಅವರು ಕೊನೆಗೂ ಮುರಿದಿದ್ದರು.

ಕರ್ಫ್ಯೂ ಶುರುವಾಗಿತ್ತು. ದೇವನಹಳ್ಳಿಯಿಂದ ಯಲಹಂಕದವರೆಗೆ ದಾರಿಯಲ್ಲಿ ನಮ್ಮ ಕ್ಯಾಬ್ ಬಿಟ್ಟರೆ ಆಂಬುಲೆನ್ಸ್‌ಗಳೇ. ಮನೆಗೆ ಹೋದಾಗ ಅವನು ದಿಂಬು ಎದೆಗೆ ಅವುಚಿ ಬೋರಲು ಮಲಗಿದ್ದ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 88 ತೋರಿಸುತ್ತಿತ್ತು. ನಾನು ಹೊರಡುವ ಹಿಂದಿನ ದಿನವೇ ಜ್ವರ ಬಂದಿತ್ತಂತೆ. ಡೋಲೋ ನುಂಗಿ ನನ್ನೆದುರು ಸರಿಯಾಗಿದ್ದನಂತೆ. ಮಧ್ಯಾಹ್ನದಿಂದಲೇ 91ಕ್ಕೆ ಇಳಿದಿತ್ತು. ‘ಆಕಿ ಇಳದ ಮ್ಯಾಲೆ ಹೇಳೂಣು’ ಎಂದು ಅವ್ವನ ಕೈ ಹಿಡಿದುಕೊಂಡಿದ್ದ.

ಆ ರಾತ್ರಿ ಹಾಸಿಗೆ ಹುಡುಕಿದ್ದನ್ನು ವಿವರಿಸಲಾರೆ. ಆ ತಿಂಗಳು ಬೆಂಗಳೂರಿನಲ್ಲಿ ಇದ್ದವರಿಗೆಲ್ಲ ಅದು ಗೊತ್ತಿದೆ. ಪಾಲಿಕೆಯ ವಾರ್ ರೂಮಿಗೆ, ಗೊತ್ತಿದ್ದ ವೈದ್ಯರಿಗೆ, ಬ್ಯಾಚ್‌ಮೇಟುಗಳಿಗೆ ಕರೆ ಮಾಡುತ್ತಲೇ ಇದ್ದೆ. ಸಮವಸ್ತ್ರ ಬದಲಿಸಿರಲಿಲ್ಲ. ಬೆಳಗಿನ ನಾಲ್ಕಕ್ಕೆ ಒಂದು ಆಕ್ಸಿಜನ್ ಬೆಡ್ ಸಿಕ್ಕಿತು. ಇನ್ನೊಬ್ಬರು ತೀರಿಕೊಂಡು ಖಾಲಿಯಾದ ಬೆಡ್ ಅದು ಎಂದು ಆಮೇಲೆ ಗೊತ್ತಾಯಿತು. ಒಂಬತ್ತು ದಿನ ಆಮ್ಲಜನಕದ ಮೇಲಿದ್ದ. ಅತ್ತೆಗೂ ಸೋಂಕು ತಗುಲಿ ಹಗುರವಾಗಿ ಹೋಯಿತು. ನನಗೂ ಮಗುವಿಗೂ ತಗುಲಲಿಲ್ಲ. ಆದರೆ ತಗುಲಿದ್ದರೆ? ಐದು ದಿನ ಎಷ್ಟು ಜನರ ನಡುವೆ ಓಡಾಡಿದ್ದೆ, ಎಷ್ಟು ಕ್ಯಾಪ್ಟನ್‌ಗಳ ಪಕ್ಕದಲ್ಲಿ ಆ ಚಿಕ್ಕ ಕೋಣೆಯಲ್ಲಿ ಕೂತಿದ್ದೆ! ನನ್ನ ಹಾರಾಟ ಕಾಪಾಡಲೆಂದು ಮುಚ್ಚಿಟ್ಟದ್ದರಿಂದ ನಾನು ಹಾರಲೇಬಾರದ ಹೊತ್ತಿನಲ್ಲಿ ಹಾರಿದೆ.

ನಾಲ್ಕನೆಯ ದಿನ ವಾರ್ಡಿನಿಂದ ಫೋನ್ ಮಾಡಲು ಬಿಟ್ಟರು. ಕ್ಷೇಮ ಕೇಳುವುದು ಬಿಟ್ಟು ‘ಯಾಕೆ ಹೇಳಲಿಲ್ಲ?’ ಎಂದೆ. ಮಾಸ್ಕಿನೊಳಗಿಂದ ಅವನು ನಿಧಾನವಾಗಿ ಹೇಳಿದ: ‘ನೀನೂ ಹೇಳಿರಲಿಲ್ಲಲ್ಲಾ.’

ಸೇಡಿನ ಮಾತಲ್ಲ ಅದು. ಅವನ ದನಿಯಲ್ಲಿ ಸೇಡಿಗೆ ಬೇಕಾದಷ್ಟು ಉಸಿರೂ ಇರಲಿಲ್ಲ. ನಾನು ತೋರಿಸಿಕೊಟ್ಟ ಪ್ರೀತಿಯ ರೀತಿ ಅದು, ಅವನು ಅದನ್ನೇ ಮಾಡಿದ್ದ.

ಮನೆಗೆ ಬಂದ ಮೇಲಿನ ಎಂಟು ತಿಂಗಳು ಅವನು ಹಾರಲಿಲ್ಲ. ನಮ್ಮ ಲೈಸೆನ್ಸು ನಿಂತಿರುವುದು ಕ್ಲಾಸ್ ಒನ್ ಮೆಡಿಕಲ್ ಮೇಲೆ. ಅದು ಹೋದರೆ ಹದಿನೈದು ವರ್ಷದ ಅನುಭವವೂ ಕಾಗದವೇ. ‘ತಾತ್ಕಾಲಿಕವಾಗಿ ಅನರ್ಹ’ ಎಂದು ಬರೆದು ಕೊಟ್ಟರು. ಶ್ವಾಸಕೋಶದ ಪರೀಕ್ಷೆ, ಟ್ರೆಡ್‌ಮಿಲ್, ಮತ್ತೆ ಶ್ವಾಸಕೋಶದ ಪರೀಕ್ಷೆ. ಹದಿನೆಂಟನೇ ವಯಸ್ಸಿನಲ್ಲಿ ಮೊದಲ ಸಲ ಮೆಡಿಕಲ್‌ಗೆಂದು ಹೋಗಿದ್ದ, ಹಳೇ ವಿಮಾನ ನಿಲ್ದಾಣ ರಸ್ತೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಗೆ ಈಗ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತ ಹೋದ. ಮನೆಯಲ್ಲಿ ಮಗಳಿಗೆ ಸ್ನಾನ ಮಾಡಿಸಿದ, ರೊಟ್ಟಿ ಬಡಿಯುವುದನ್ನು ಅವ್ವನಿಂದ ಕಲಿತ. ತಲೆಯ ಮೇಲೆ ವಿಮಾನ ಹಾದರೆ ಮಗಳು ಬೆರಳು ತೋರಿಸುತ್ತಿದ್ದಳು, ಅವನು ತಲೆ ಎತ್ತುತ್ತಿರಲಿಲ್ಲ. ನಾನು ರಾತ್ರಿ ಡ್ಯೂಟಿ ಮುಗಿಸಿ ಬಂದು, ಅವನೆದುರು ಆ ದಿನದ ಹಾರಾಟದ ಮಾತೆತ್ತದೆ ಬಟ್ಟೆ ಬದಲಿಸುತ್ತಿದ್ದೆ. ಮತ್ತೆ ಮುಚ್ಚಿಡುವುದೇ ಶುರುವಾಗಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ ನನಗೆ ಸಿಆರ್‌ಎಂ ತರಗತಿ ಬಂತು. ಕಾಕ್‌ಪಿಟ್‌ನಲ್ಲಿ ಒಬ್ಬರೊಡನೊಬ್ಬರು ಹೇಗೆ ಕೆಲಸ ಮಾಡಬೇಕು, ಹೇಗೆ ಬಾಯಿಬಿಟ್ಟು ಹೇಳಬೇಕು ಎಂಬ ಪಾಠ ಅದು. ಆ ಪಾಠದಲ್ಲಿ ಟೆನೆರೀಫ್ ಬಂದೇ ಬರುತ್ತದೆ. 1977ರ ಮಾರ್ಚ್ 27, ಮಂಜು ಕವಿದ ರನ್‌ವೇ, ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಸಾವು. ಟೇಕಾಫ್‌ಗೆ ಓಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು, ಎದುರಿನ ವಿಮಾನ ಇನ್ನೂ ರನ್‌ವೇ ಮೇಲೇ ಇದೆಯೇನೋ ಎಂದು. ಕೇಳಿದರು. ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದರು. ಇವರು ಮತ್ತೆ ಒತ್ತಿ ಹೇಳಲಿಲ್ಲ. ಆ ಕಥೆಯನ್ನು ನಾನು ಹತ್ತು ಸಲವಾದರೂ ಕೇಳಿದ್ದೆ. ಈ ಸಲ ಕೇಳುವಾಗ ಎದ್ದು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತೆ. ಪಕ್ಕದಲ್ಲಿ ಕೂತವರಿಗೆ ಗೊತ್ತಿರುವುದನ್ನು ಗೊತ್ತಿರುವಾಗಲೇ ಹೇಳಬೇಕು, ಇಳಿದ ಮೇಲಲ್ಲ. ಇದನ್ನು ವೃತ್ತಿಯಲ್ಲಿ ಉಸಿರಿನಷ್ಟು ನಂಬಿದ್ದ ನಾವು ಮನೆಯಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾಗಿ ಬದುಕಿದ್ದೆವು. ನಿಜವಾಗಿ ನಾವು ಪಾಲಿಸಬೇಕಾಗಿದ್ದುದು ಆ ಮೊದಲ ಪಟ್ಟಿ. ಮನಸ್ಸು ಕದಡಿದವರು ಹಾರಬಾರದು ಎಂದು ಅದರಲ್ಲಿ ಬರೆದಿದೆ. ಕದಡುವ ಸುದ್ದಿಯನ್ನು ಅವರಿಂದ ಮುಚ್ಚಿಟ್ಟು ಹಾರಿಸಿ ಎಂದು ಎಲ್ಲಿಯೂ ಬರೆದಿಲ್ಲ.

ಅವತ್ತು ರಾತ್ರಿ ಮೊದಲ ಬಾರಿ 2018ರ ಆ ಗುರುವಾರವನ್ನು ಇಬ್ಬರೂ ಗಂಟೆ ಗಂಟೆಯಾಗಿ ಹೇಳಿಕೊಂಡೆವು. ನಾನು ಆಪರೇಷನ್ ಥಿಯೇಟರಿನಲ್ಲಿದ್ದಾಗ ಅವನು ಎಲ್ಲಿದ್ದ, ಎಷ್ಟು ಎತ್ತರದಲ್ಲಿದ್ದ ಎಂದು ಅವನು ಲಾಗ್‌ಬುಕ್ ತೆಗೆದು ನೋಡಿ ಹೇಳಿದ. ಗರ್ಭ ಹೋದದ್ದು ನಾನು ವಿಮಾನ ಹಾರಿಸಿದ್ದಕ್ಕೇ ಎಂದು ಸಂಬಂಧಿಕರೊಬ್ಬರು ಅಂದದ್ದನ್ನು ನಾನು ಆಗ ಅವನಿಗೆ ಹೇಳಿದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧಕ್ಕೂ ಹೆಚ್ಚು ಕ್ರೋಮೋಸೋಮ್ ದೋಷದಿಂದ ಹೋಗುತ್ತವೆ, ನಿನ್ನ ತಪ್ಪಲ್ಲ ಎಂದು ವೈದ್ಯೆ ತಿಳಿಹೇಳಿದ್ದರು. ಆದರೂ ಮೂರು ವರ್ಷ ಆ ಮಾತನ್ನು ಒಬ್ಬಳೇ ಹೊತ್ತಿದ್ದೆ. ಅವನು ಕೇಳಿ ಸುಮ್ಮನಾಗಲಿಲ್ಲ. ಮರುದಿನ ಆ ಸಂಬಂಧಿಕರಿಗೆ ಫೋನ್ ಮಾಡಿ, ಮರ್ಯಾದೆಯಿಂದ, ಆದರೆ ಸ್ಪಷ್ಟವಾಗಿ ಮಾತಾಡಿದ.

ಅವನು ಮತ್ತೆ ಅರ್ಹನೆಂದಾಗಿ, ಸಿಮ್ಯುಲೇಟರ್ ತರಬೇತಿ ಮುಗಿಸಿ, 2022ರ ಜನವರಿಯಲ್ಲಿ ಹಾರಿದ. ಅದೇ ವರ್ಷ ನಾನು ಕಮಾಂಡರ್ ಆದೆ. ಮನೆಯಲ್ಲಿ ನಿಯಮ ಬದಲಾಗಿತ್ತು. ಸಣ್ಣ ಜಗಳಕ್ಕೆ ‘ಹತ್ತು ಸಾವಿರ’ ಈಗಲೂ ಇದೆ. ಆದರೆ ಜೀವದ ವಿಷಯ, ಮಗುವಿನ ವಿಷಯ, ಹೆತ್ತವರ ವಿಷಯ ಯಾವ ಹೊತ್ತಿಗಾದರೂ ಹೇಳಬೇಕು. ಕೇಳಿದವರು ಹಾರುವುದೋ ಬಿಡುವುದೋ ತಾವೇ ತೀರ್ಮಾನಿಸಬೇಕು. ಆ ತೀರ್ಮಾನವನ್ನು ಇನ್ನೊಬ್ಬರು ಪ್ರಶ್ನಿಸಬಾರದು.

2023ರ ಜನವರಿ 15, ಸಂಕ್ರಾಂತಿ. ಅಪರೂಪಕ್ಕೆ ಹಬ್ಬದ ದಿನವೇ ಇಬ್ಬರೂ ಮನೆಯಲ್ಲಿದ್ದೆವು. ಮಗಳಿಗೆ ಲಂಗ ಉಡಿಸಿ ಎಳ್ಳು ಬೀರಲು ಹೊರಡಿಸುತ್ತಿದ್ದಾಗ ಟಿವಿಯಲ್ಲಿ ಪೋಖರಾದ ಸುದ್ದಿ ಬಂತು. ನೇಪಾಳದ ಎಟಿಆರ್ ವಿಮಾನ, 72 ಜನ, ಒಬ್ಬರೂ ಉಳಿಯಲಿಲ್ಲ. ಕೋ-ಪೈಲಟ್ ಅಂಜು ಖತಿವಾಡಾ ಅವರ ಗಂಡ ದೀಪಕ್ ಪೋಖ್ರೇಲ್ ಅದೇ ಕಂಪನಿಯ ಪೈಲಟ್ ಆಗಿದ್ದವರು, 2006ರಲ್ಲಿ ಜುಮ್ಲಾದಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದರು. ಅವರ ವಿಮೆಯ ಹಣದಲ್ಲಿ ಆಕೆ ಹಾರುವುದನ್ನು ಕಲಿತಿದ್ದರು ಎಂದು ಆಮೇಲೆ ಓದಿದೆವು. ಅತ್ತೆ ಎಳ್ಳಿನ ಪೊಟ್ಟಣ ಕೆಳಗಿಟ್ಟು ಕೇಳಿದರು: ‘ನಿಮ್ಮಿಬ್ಬರೊಳಗ ಒಬ್ಬರರ ಬಿಟ್ಟರ ಆಗೂದಿಲ್ಲೇನು? ಈ ಕೂಸಿನ ಸಲುವಾಗಿ?’

ಮುಂಚೆಯಾಗಿದ್ದರೆ ‘ಏನೂ ಆಗಲ್ಲ ಅತ್ತೆ’ ಎಂದು ಮುಗಿಸಿಬಿಡುತ್ತಿದ್ದೆ. ಅವತ್ತು ಅವರ ಪಕ್ಕ ಕೂತು ಸರಳಾ ಠಕ್ರಾಲ್ ಅವರ ವಿಷಯ ಹೇಳಿದೆ. 1936ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಲಾಹೋರಿನಲ್ಲಿ ಸೀರೆ ಉಟ್ಟು ಜಿಪ್ಸಿ ಮಾತ್ ವಿಮಾನ ಹಾರಿಸಿ ಲೈಸೆನ್ಸ್ ಪಡೆದ ಭಾರತೀಯ ಹೆಂಗಸು. ಆಗಲೇ ನಾಲ್ಕು ವರ್ಷದ ಮಗಳ ತಾಯಿ. ಅವರ ಗಂಡ ಅಂಚೆ ವಿಮಾನ ಹಾರಿಸುತ್ತಿದ್ದ ಪೈಲಟ್, ಹೆಂಡತಿಗೆ ಹಾರಲು ಉತ್ತೇಜನ ಕೊಟ್ಟದ್ದೂ ಅವರೇ. 1939ರಲ್ಲಿ ವಿಮಾನ ಬಿದ್ದು ಅವರು ಹೋದರು. ಸರಳಾ ಆಮೇಲೂ ಕಮರ್ಷಿಯಲ್ ಲೈಸೆನ್ಸಿಗೆ ತಯಾರಾದರು, ಯುದ್ಧ ಬಂದು ತರಬೇತಿ ನಿಂತುಹೋಯಿತು. ‘ಹಂಗಾರ ಆಕೀ ಹೆದರಲಿಲ್ಲೇನು?’ ಎಂದರು ಅತ್ತೆ. ‘ಹೆದರಿರಬೇಕು ಅತ್ತೆ. ನಂಗೂ ಹೆದರಿಕೆ ಇದೆ. ಇವತ್ತು ಜಾಸ್ತಿ ಇದೆ’ ಎಂದೆ. ಗಂಡ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ. ‘ನನಗೂ’ ಎಂದ. ಹೆದರಿಕೆ ಇದೆ ಎಂದು ಅತ್ತೆಯ ಮುಂದೆ ನಾವು ಒಪ್ಪಿಕೊಂಡದ್ದು ಅದೇ ಮೊದಲು. ಅವರು ನಮ್ಮಿಬ್ಬರ ಕೈಗೂ ಎಳ್ಳು ಹಾಕಿದರು. ಬಿಡಿ ಎಂದು ಮತ್ತೆ ಹೇಳಲಿಲ್ಲ.

ಅದೇ ವರ್ಷದ ಜುಲೈ. ಬೆಳಗಿನ ಎರಡೂ ಐವತ್ತಕ್ಕೆ ಮಗಳಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಕಣ್ಣುಗುಡ್ಡೆ ಮೇಲೆ ಹೋಗಿ ಮೈ ಸೆಟೆದುಕೊಂಡಿತು. ಎರಡು ನಿಮಿಷವಿರಬೇಕು. ಅತ್ತೆ ‘ಅಂವಗ ಹೇಳಬ್ಯಾಡ, ಪ್ಲೇನ್ ಹತ್ತಾಂವ ಅದಾನ’ ಅಂದರು. ಅವನು ಮುಂಬೈನಲ್ಲಿದ್ದ, ಪಿಕಪ್ ನಾಲ್ಕೂ ಕಾಲಿಗೆ, ಮೊದಲ ಸೆಕ್ಟರ್ ಜೈಪುರ. ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲಲ್ಲಿ, ಮೂರೂ ಇಪ್ಪತ್ತೈದಕ್ಕೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು.

‘ಮಗೂಗೆ ಫಿಟ್ಸ್ ಬಂತು. ಈಗ ನಿಂತಿದೆ. ಉಸಿರಾಡ್ತಿದಾಳೆ. ಒಳಗೆ ಕರಕೊಂಡು ಹೋದ್ರು. ನಂಗೆ ಇಷ್ಟೇ ಗೊತ್ತು.’

ಅವನು ಎರಡು ಪ್ರಶ್ನೆ ಕೇಳಿದ. ಆಮೇಲೆ, ‘ಕಾಲ್ ಕಟ್ ಮಾಡಬ್ಯಾಡ’ ಎಂದು, ಹೋಟೆಲಿನ ಇನ್ನೊಂದು ಫೋನಿನಿಂದ ಕ್ರೂ ಕಂಟ್ರೋಲ್‌ಗೆ ಮಾತಾಡಿದ್ದು ನನಗೆ ಕೇಳಿಸಿತು. ಹೆಸರು, ನಂಬರ್, ಫ್ಲೈಟ್. ‘ನಾನು ಇವತ್ತು ಹಾರುವ ಸ್ಥಿತಿಯಲ್ಲಿಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಿದ. ಸ್ಟ್ಯಾಂಡ್‌ಬೈ ಇದ್ದ ಪೈಲಟ್ ಬರುವವರೆಗೆ ಆ ಜೈಪುರದ ವಿಮಾನ ಒಂದು ಗಂಟೆ ತಡವಾಯಿತು. ಪ್ರಯಾಣಿಕರು ಬೈದಿರುತ್ತಾರೆ. ಯಾಕೆ ತಡ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ತಡವಾದದ್ದು ಇದಕ್ಕೆ.

ಅವನು ಬೆಳಗಿನ ಬೇರೊಂದು ವಿಮಾನದಲ್ಲಿ ಪ್ರಯಾಣಿಕನಾಗಿ ಬಂದ. ಹತ್ತು ಗಂಟೆಯ ಹೊತ್ತಿಗೆ ವಾರ್ಡಿಗೆ ಬಂದಾಗ ಸಮವಸ್ತ್ರದ ಪ್ಯಾಂಟಿನ ಮೇಲೆ ಮನೆಯ ಟಿ-ಶರ್ಟ್ ಹಾಕಿದ್ದ. ಜ್ವರದ ಫಿಟ್ಸ್, ಈ ವಯಸ್ಸಿನ ಮಕ್ಕಳಲ್ಲಿ ಬರುತ್ತದೆ, ಹೆದರಬೇಕಿಲ್ಲ ಎಂದು ಡಾಕ್ಟರು ಹೇಳಿಹೋಗಿದ್ದರು. ಮಗಳು ನಿದ್ದೆ ಹೋಗಿದ್ದಳು. ಅವನು ಸ್ಟೂಲಿನ ಮೇಲೆ ಕೂತು ಅವಳ ಪಾದ ಹಿಡಿದುಕೊಂಡ.

‘ವಿಮಾನದಾಗ ಚಾ ಕೊಟ್ಟರು. ಕುಡೀಲಿಕ್ಕೆ ಆಗಲಿಲ್ಲ, ಕೈ ನಿಲ್ಲವಲ್ದು. ಪಕ್ಕದಾಗ ಕುಂತಿದ್ದ ಅಜ್ಜ ಗ್ಲಾಸ್ ಹಿಡಕೊಂಡ’ ಎಂದ.

ಮಧ್ಯಾಹ್ನ ಎರಡಕ್ಕೆ ಮನೆಗೆ ಕಳಿಸಿದರು. ಅತ್ತೆ ಗಂಜಿ ಮಾಡಿದ್ದರು. ಮಗಳು ಅರ್ಧ ಬಟ್ಟಲು ಕುಡಿದು ಅಪ್ಪನ ತೋಳಿನ ಮೇಲೆ ತಲೆಯಿಟ್ಟಳು. ನಾನು ಈ ಕಡೆ ಮಲಗಿದೆ. ಮೂವರೂ ಎದ್ದಾಗ ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದರು.